ವೈನ್ ಹಳೆಯದಾದಷ್ಟೂ ರುಚಿ ಅಂದರಲ್ಲ, ನಮ್ಮ ಬಾಟಲಿಗೇನಾಯಿತು?

ಪ್ರಶ್ನೆ: ಡಿಸೆಂಬರ್‌ನಲ್ಲಿ ಮಡಿಕೇರಿಯ ನೆಂಟರು ಮನೆಯಲ್ಲೇ ಮಾಡಿದ ಎರಡು ಬಾಟಲಿ ದ್ರಾಕ್ಷಿ ವೈನ್ ಕೊಟ್ಟರು. ಹಳೆಯದಾದಷ್ಟೂ ರುಚಿ ಎಂದು ಮಂಗಳೂರಿನ ಮನೆಯ ಷೋಕೇಸಿನಲ್ಲಿ ಇಟ್ಟೆವು. ಏಪ್ರಿಲ್‌ನಲ್ಲಿ ಒಂದರ ಬಿರಡೆ ತಾನಾಗಿ ಹಾರಿ ಗೋಡೆಯೆಲ್ಲ ಕಲೆಯಾಯಿತು. ಇನ್ನೊಂದನ್ನು ತೆರೆದರೆ ಬರೀ ವಿನೆಗರ್ ವಾಸನೆ. ವೈನನ್ನು ಎಷ್ಟು ದಿನ ಇಡಬಹುದು?

ಉತ್ತರ: ಎರಡು ಬಾಟಲಿಗೂ ಬಂದದ್ದು ಬೇರೆ ಬೇರೆ ಕಾಯಿಲೆ. ಮೊದಲನೆಯದರಲ್ಲಿ ಸಕ್ಕರೆ ತಿಂದು ಆಲ್ಕೋಹಾಲ್, ಗ್ಯಾಸ್ ಮಾಡುವ ಯೀಸ್ಟ್ ಇನ್ನೂ ಬದುಕಿತ್ತು. ಎರಡನೆಯದಕ್ಕೆ ಗಾಳಿ ಹೊಕ್ಕಿತ್ತು.

ಹಳೆಯದಾದರೂ ಕೆಡದ ಗುಣ ಕೊಡಗಿನಲ್ಲಿ ಪಂದಿ ಕರಿಗೆ ಹುಳಿಯಾಗಿ ಹಾಕುವ ಕಾಚಂಪುಳಿಗಿದೆ. ಹಣ್ಣಿನ ರಸವನ್ನು ಕಪ್ಪಗೆ, ಮಂದವಾಗುವವರೆಗೆ ಕುದಿಸಿ ಇಳಿಸಿದ್ದು ಅದು. ಅಷ್ಟು ಹುಳಿಯಲ್ಲಿ, ಅಷ್ಟು ಕಡಿಮೆ ನೀರಿನಲ್ಲಿ ಸೂಕ್ಷ್ಮಜೀವಿಗಳ ಆಟ ನಡೆಯುವುದಿಲ್ಲ, ವರ್ಷಗಟ್ಟಲೆ ಇಟ್ಟರೂ ಜಪ್ಪಯ್ಯ ಅನ್ನುವುದಿಲ್ಲ. ಪಕ್ಕದಲ್ಲೇ ಇಟ್ಟ ವೈನ್ ಬಾಟಲಿಯೂ ಹಾಗೇ ಎಂದುಕೊಂಡರೆ ಕೆಟ್ಟಿತು.

ಮೊದಲು ಸಿಡಿದ ಬಾಟಲಿ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಲೆಕ್ಕ ಇದು: ಒಂದು ಕೆ.ಜಿ. ಬೆಂಗಳೂರು ಬ್ಲೂ ದ್ರಾಕ್ಷಿ, ಒಂದು ಕೆ.ಜಿ. ಸಕ್ಕರೆ, ಎರಡು ಲೀಟರ್ ಕುದಿಸಿ ಆರಿಸಿದ ನೀರು, ಹಿಡಿ ಗೋಧಿ, ಒಂದು ಚಮಚ ಬೇಕರಿ ಯೀಸ್ಟ್. ಭರಣಿಗೆ ತುಂಬಿ ಬಟ್ಟೆ ಕಟ್ಟಿ, ದಿನಾ ಮರದ ಸೌಟಿನಲ್ಲಿ ಕಲಕಿ, 21ನೇ ದಿನ ಸೋಸಿ ಬಾಟಲಿಗೆ ಹಾಕುವುದು. ಹಣ್ಣಿನ ಸಕ್ಕರೆಯೂ ಸೇರಿದರೆ ಲೀಟರಿಗೆ 330 ಗ್ರಾಂ ಆಸುಪಾಸು ಸಕ್ಕರೆಯಾಯಿತು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಆಲ್ಕೋಹಾಲ್ ಹುಟ್ಟುತ್ತದೆ. ಶೇಕಡಾ 12ರ ಹತ್ತಿರ ಬಂದರೆ ಬೇಕರಿ ಯೀಸ್ಟ್ ಸುಸ್ತು. ಅಂದರೆ ಎಲ್ಲ ಸರಿಯಾಗಿ ನಡೆದರೂ 750 ಮಿ.ಲೀ. ಬಾಟಲಿಯಲ್ಲಿ 100 ಗ್ರಾಂನಷ್ಟು ಸಕ್ಕರೆ ಉಳಿದೇ ಇರುತ್ತದೆ. ಈ ವೈನ್ ಅಷ್ಟೊಂದು ಸಿಹಿ ಯಾಕೆ ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ.

ಆದರೆ ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ಎಲ್ಲ ಸರಿಯಾಗಿ ನಡೆಯುವುದು ಕಷ್ಟ. ರಾತ್ರಿ 12–13 ಡಿಗ್ರಿಗೆ ಇಳಿದಾಗ ಯೀಸ್ಟ್ ಮುದುಡಿ ತಳ ಸೇರುತ್ತದೆ. ನೊರೆ ನಿಂತಿತು, ವೈನ್ ಆಯಿತು ಎಂದು ಮನೆಯವರು ಬಾಟಲಿಗೆ ತುಂಬುತ್ತಾರೆ. ನಿಜಕ್ಕೂ ಅದು ಶೇಕಡಾ 8–9ಕ್ಕೆ ನಿದ್ದೆ ಹೋಗಿರಬಹುದು. ಅದನ್ನು ಘಟ್ಟ ಇಳಿಸಿ ಕರಾವಳಿಯ ಸೆಕೆಗೆ ತಂದರೆ ಯೀಸ್ಟ್ ಎದ್ದು ಬಿಟ್ಟ ಕೆಲಸ ಮುಂದುವರಿಸುತ್ತದೆ. ಲೀಟರಿಗೆ 4 ಗ್ರಾಂ ಸಕ್ಕರೆ ಮುಚ್ಚಿದ ಬಾಟಲಿಯಲ್ಲಿ ಹುದುಗಿದರೆ ಸುಮಾರು ಒಂದು ಬಾರ್ ಒತ್ತಡ ಏರುತ್ತದೆ. ಬಾಟಲಿಗೆ ನಾಲ್ಕೂವರೆ ಟೀ ಚಮಚ ಸಕ್ಕರೆ ಸಾಕು, ಒತ್ತಡ ಆರು ಬಾರ್ ಮುಟ್ಟುತ್ತದೆ. ಕಾರಿನ ಟೈರಿನಲ್ಲಿ ಇರುವುದರ ಮೂರು ಪಟ್ಟು ಅನ್ನಿ. ಶಾಂಪೇನ್ ಬಾಟಲಿಯ ದಪ್ಪ ಗಾಜು, ತಂತಿ ಕಟ್ಟಿದ ಬಿರಡೆ ಇರುವುದು ಅಷ್ಟನ್ನು ತಡೆಯಲೆಂದೇ. ನಿಮ್ಮದಕ್ಕೆ ಬಿರಡೆ ಸಡಿಲ ಇತ್ತು, ಪುಣ್ಯ. ತೊಳೆದಿಟ್ಟ ವಿಸ್ಕಿ ಬಾಟಲಿಗೆ ತಿರುಪು ಮುಚ್ಚಳ ಬಿಗಿದಿದ್ದರೆ ಗಾಜೇ ಒಡೆಯುತ್ತಿತ್ತು.

ತುಂಬುವ ಮೊದಲು ನೋಡಿಕೊಳ್ಳಲು ಸುಲಭದ ದಾರಿಯಿದೆ. ಖಾಲಿ ಸೋಡಾ ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ಭಾಗ ವೈನ್ ಹಾಕಿ, ಹಿಚುಕಿ ಗಾಳಿ ಹೊರಡಿಸಿ, ಬಾಟಲಿ ಚಪ್ಪಟೆಯಾಗಿದ್ದಾಗಲೇ ಮುಚ್ಚಳ ಬಿಗಿಯಿರಿ. ಅಡುಗೆಮನೆಯಲ್ಲಿ ಒಲೆಯ ಹತ್ತಿರ, ಬೆಚ್ಚಗಿರುವಲ್ಲಿ ಒಂದು ವಾರ ಇಡಿ. ಉಬ್ಬಿ ಗಟ್ಟಿಯಾದರೆ ಯೀಸ್ಟ್ ಎಚ್ಚರವಾಗಿದೆ, ಭರಣಿಯಲ್ಲಿ ಇನ್ನೂ ಎರಡು ಮೂರು ವಾರ ಬಿಡಬೇಕು. ಚಪ್ಪಟೆಯಾಗೇ ಉಳಿದರೆ ತಳದ ಗಸಿ ಕದಡದಂತೆ ಪೈಪಿನಲ್ಲಿ ಮೇಲಿನ ತಿಳಿ ಮಾತ್ರ ಎಳೆದುಕೊಳ್ಳಿ. ಗಸಿ ಎಂದರೆ ಯೀಸ್ಟಿನ ರಾಶಿ. ಬಗ್ಗಿಸಿ ಸುರಿದರೆ ಅದೂ ಜೊತೆಗೆ ಬರುತ್ತದೆ. ಸ್ಕ್ವಾಷ್ ಕೆಡದಂತೆ ಹಾಕುವ ಕೆ.ಎಂ.ಎಸ್. (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಪುಡಿ ಹತ್ತು ಲೀಟರಿಗೆ ಅರ್ಧ ಗ್ರಾಂ ಹಾಕಿದರೆ ವೈನ್ ಬಣ್ಣಗೆಡುವುದು ತಡವಾಗುತ್ತದೆ, ಆದರೆ ನೊರೆಯೇಳುತ್ತಿರುವ ಯೀಸ್ಟನ್ನು ಅದೊಂದೇ ನಿಲ್ಲಿಸಲಾರದು. ಆಸ್ತಮಾ ಇರುವವರಿಗೆ ಕೊಡುವಾಗ ಹಾಕಿದ್ದೀರೆಂದು ಹೇಳಿಬಿಡಿ.

ಇದೆಲ್ಲಕ್ಕಿಂತ ಸಕ್ಕರೆ ತಗ್ಗಿಸುವುದು ವಾಸಿ ಅನ್ನುತ್ತೇವೆ. ಒಂದು ಕೆ.ಜಿ. ಹಣ್ಣಿಗೆ ಒಂದು ಲೀಟರ್ ನೀರು, 250 ಗ್ರಾಂ ಸಕ್ಕರೆ ಹಾಕಿದರೂ ಆಲ್ಕೋಹಾಲ್ ಶೇಕಡಾ 11–12 ಬರುತ್ತದೆ, ಸಕ್ಕರೆ ಪೂರ್ತಿ ಕರಗಿಹೋಗುತ್ತದೆ, ಸಿಡಿಯಲು ಏನೂ ಉಳಿಯುವುದಿಲ್ಲ. ಸಿಹಿ ಬೇಕಾದವರು ಲೋಟಕ್ಕೆ ಬೆರೆಸಿಕೊಳ್ಳಲಿ. ಮನೆಯ ಅಜ್ಜಿಯರು ಒಪ್ಪಲಿಕ್ಕಿಲ್ಲ, ಅದು ಬೇರೆ ಮಾತು.

ಇನ್ನು ವಿನೆಗರ್ ಆದ ಬಾಟಲಿ. ಅಸಿಟಿಕ್ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ಹುಳಿ ಮಾಡಬೇಕಾದರೆ ಅದಕ್ಕೆ ಗಾಳಿ ಬೇಕು. ಭುಜದವರೆಗೆ ಮಾತ್ರ ತುಂಬಿದ ಬಾಟಲಿ, ನಿಲ್ಲಿಸಿಟ್ಟು ಒಣಗಿ ಕುಗ್ಗಿದ ಬಿರಡೆ, ಭರಣಿಯ ಬಟ್ಟೆಯ ಸಂದಿಯಲ್ಲಿ ನುಸುಳಿದ ಹಣ್ಣಿನ ನೊಣ, ಯಾವುದಾದರೂ ಒಂದು ಸಾಕು. ನೇಲ್ ಪಾಲಿಷ್ ತೆಗೆಯುವ ದ್ರವದಂಥ ವಾಸನೆ ಬಂದರೆ ಅದೇ ಗುರುತು, ಆಮೇಲೆ ಸಕ್ಕರೆ ಸುರಿದರೂ ಸರಿಹೋಗುವುದಿಲ್ಲ. ಬಿರಡೆಯ ಕೆಳಗೆ ಎರಡು ಬೆರಳು ಜಾಗ ಮಾತ್ರ ಬಿಟ್ಟು ತುಂಬಿ. ಕಾರ್ಕ್ ಬಿರಡೆಯಾದರೆ ಮಲಗಿಸಿಡಿ, ತಿರುಪು ಮುಚ್ಚಳವಾದರೆ ನಿಲ್ಲಿಸಿದರೂ ಸರಿ. ಷೋಕೇಸ್ ಮಾತ್ರ ಬೇಡ: ಬೆಳಕು, ಸೆಕೆ ಎರಡೂ ಕೂಡಿದ ಜಾಗ ಅದು. ಮಂಚದ ಕೆಳಗಿನ ಕತ್ತಲು ಎಷ್ಟೋ ಮೇಲು.

ಹಾಗಾದರೆ ಹಳೆಯದಾದಷ್ಟೂ ರುಚಿ ಅನ್ನುವುದು ಸುಳ್ಳೇ? ಕೆಲವಕ್ಕೆ ನಿಜ. ಸಿಪ್ಪೆ ಬೀಜಗಳಿಂದ ಬರುವ ಟ್ಯಾನಿನ್ ನಾಲಿಗೆಗೆ ಒಗರು ಕೊಡುತ್ತದೆ, ಎಳೆ ಗೇರುಹಣ್ಣು ಕಚ್ಚಿದ ಹಾಗೆ. ಕ್ಯಾಬರ್ನೆ ಸೊವಿನ್ಯೋಂ, ಶಿರಾಜ್‌ನಂಥ ದ್ರಾಕ್ಷಿಯ ಗಟ್ಟಿ ಕೆಂಪು ವೈನ್‌ನಲ್ಲಿ ಒಗರೂ ಹುಳಿಯೂ ಧಾರಾಳ. ತಂಪಿನಲ್ಲಿಟ್ಟರೆ ವರ್ಷಗಳು ಕಳೆದಂತೆ ಟ್ಯಾನಿನ್ ಒಂದಕ್ಕೊಂದು ಅಂಟಿ ತಳ ಸೇರುತ್ತದೆ, ಒಗರು ಮೆದುವಾಗುತ್ತದೆ, ನೇರಳೆ ಛಾಯೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಅಂಥ ವೈನ್ ಅಂಗಡಿಯ ಸಾಲಿನಲ್ಲಿ ಒಂದೆರಡು ಮಾತ್ರ. ಸೊವಿನ್ಯೋಂ ಬ್ಲಾಂಕ್, ಶೆನಿನ್ ಬ್ಲಾಂಕ್ ಥರದ ಬಿಳಿ ವೈನ್, ರೋಸೆ, ದಿನನಿತ್ಯದ ಕೆಂಪು, ಇವು ತಯಾರಾದ ಒಂದೆರಡು ವರ್ಷದಲ್ಲೇ ಕುಡಿಯಬೇಕಾದವು. ಲೇಬಲ್ ಮೇಲಿನ ಇಸವಿ ದ್ರಾಕ್ಷಿ ಕೊಯ್ದ ವರ್ಷ. ಬಿಳಿ ವೈನ್‌ನಲ್ಲಿ ಅದು ಹಳೆಯದಾಗಿದ್ದರೆ ರಿಯಾಯಿತಿ ಕೊಟ್ಟರೂ ಬೇಡ. ಬೆಂಗಳೂರು ಬ್ಲೂ ವೈನಿಗಿರುವ ಆಸ್ತಿಯೆಲ್ಲ ಅದರ ಹಸಿ ಹಣ್ಣಿನ ಘಮ, ವರ್ಷ ಕಳೆದರೆ ಮೊದಲು ಹೋಗುವುದೂ ಅದೇ. ಶುಂಠಿ, ವೀಳ್ಯದೆಲೆ, ಗಾಂಧಾರಿ ಮೆಣಸಿನ ವೈನ್‌ಗಳ ಆಲ್ಕೋಹಾಲ್ ಪೂರ್ತಿ ಹಾಕಿದ ಸಕ್ಕರೆಯದು, ಅವನ್ನು ಆರು ತಿಂಗಳೊಳಗೆ ಮುಗಿಸಿ. ನೆಲ್ಲಿಕಾಯಿಯದು ತನ್ನ ಒಗರು, ಹುಳಿಯ ಬಲದಿಂದ ಸ್ವಲ್ಪ ಹೆಚ್ಚು ತಾಳುತ್ತದೆ. ಅಂಗಡಿಯಿಂದ ತಂದ ಹೋಮ್‌ಮೇಡ್ ಬಾಟಲಿಯಲ್ಲಿ ತಯಾರಿಸಿದ ದಿನಾಂಕ, ಆಲ್ಕೋಹಾಲ್ ಪ್ರಮಾಣ ಇಲ್ಲದಿದ್ದರೆ ಇಡುವ ಗೋಜಿಗೇ ಹೋಗದೆ ಫ್ರಿಜ್ಜಿಗೆ ಹಾಕಿ, ತಿಂಗಳೊಳಗೆ ಕುಡಿದುಬಿಡಿ.

ತೆರೆದ ಮೇಲೆ ಒಣ ವೈನ್, ಅಂದರೆ ಸಿಹಿ ಉಳಿಯದ ವೈನ್, ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ, ಸಿಹಿಯದು ಒಂದು ವಾರ. ಒಂದೇ ದಿನಕ್ಕೆ ಮುಗಿಯದು ಅನಿಸಿದರೆ ತೆರೆದ ಕೂಡಲೇ ತೊಳೆದು ಒಣಗಿಸಿದ 375 ಮಿ.ಲೀ. ಹಾಫ್ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ ಮುಚ್ಚಿ. ಪೂರ್ಣ ಬಾಟಲಿಯ ಸರಿಯಾಗಿ ಅರ್ಧ ಅದರಲ್ಲಿ ಹಿಡಿಯುತ್ತದೆ, ಗಾಳಿಗೆ ಜಾಗವಿರುವುದಿಲ್ಲ.

ಇಂಥದೇ ಬೇರೆ ಬಾಟಲಿ ಮನೆಯಲ್ಲೆಲ್ಲಾದರೂ ಇದ್ದು ಬಿರಡೆ ಮೇಲೆದ್ದಂತೆ ಕಂಡರೆ ಅಲುಗಾಡಿಸಬೇಡಿ. ಟವೆಲ್ ಸುತ್ತಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಸಿಂಕಿನ ಮೇಲೆ ಮುಖ ಆಚೆ ತಿರುಗಿಸಿ ನಿಧಾನವಾಗಿ ಸಡಿಲಿಸಿ. ವಿನೆಗರ್ ಆದದ್ದನ್ನು ಈರುಳ್ಳಿ ನೆನೆಸಲು ಬಳಸಬಹುದು. ಪಂದಿ ಕರಿಗೆ ಬೇಡ, ಕಾಚಂಪುಳಿಯ ಕಪ್ಪೂ ಘಾಟೂ ಅದರಲ್ಲಿ ಬರುವುದಿಲ್ಲ.