ಕ್ರಿಯಾನ್ ಬರೀ ಸರ್ವಾಧಿಕಾರಿಯಾ?

ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ 'ಆಂಟಿಗೊನೆ' ನಾಟಕದ ಮಾತು ಬಂದರೆ ನಾವೆಲ್ಲ ಆಂಟಿಗೊನೆಯ ಕಡೆಗೇ ನಿಲ್ಲುತ್ತೇವೆ. ನಿಲ್ಲಬೇಕಾದ್ದೇ. ಒಡಹುಟ್ಟಿದವನ ಹೆಣಕ್ಕೆ ಮಣ್ಣು ಹಾಕಿದ್ದಕ್ಕೆ ಸಾವಿನ ಶಿಕ್ಷೆ ಪಡೆದವಳು ಅವಳು. ಆದರೆ ರಂಗದ ಮೇಲೆ ಅವಳಿಗಿಂತ ಜಾಸ್ತಿ ಹೊತ್ತು ಇರುವವನು ಆ ಶಿಕ್ಷೆ ಕೊಟ್ಟ ದೊರೆ ಕ್ರಿಯಾನ್. ಅವನನ್ನು ಸರ್ವಾಧಿಕಾರಿ ಅಂದು ಪಕ್ಕಕ್ಕೆ ಸರಿಸಿದರೆ ನಾಟಕದ ಅರ್ಧ ನಮಗೆ ಸಿಗುವುದೇ ಇಲ್ಲ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಜನ ಅವನ ಬಗ್ಗೆ ವಾದ ಮಾಡುತ್ತಲೇ ಬಂದಿದ್ದಾರೆ.

ಕಥೆ ಗೊತ್ತಿರಬಹುದು. ಥೀಬ್ಸ್ ಪಟ್ಟಣದ ಗದ್ದುಗೆಗಾಗಿ ಈಡಿಪಸ್‌ನ ಇಬ್ಬರು ಗಂಡುಮಕ್ಕಳು ಕಾದಾಡಿ ಒಬ್ಬರ ಕೈಯಲ್ಲಿ ಒಬ್ಬರು ಸತ್ತರು. ಎಟಿಯೊಕ್ಲಿಸ್ ಊರು ಉಳಿಸಲು ನಿಂತವನು, ಪಾಲಿನೈಸಿಸ್ ಹೊರಗಿನ ಸೈನ್ಯ ಕಟ್ಟಿಕೊಂಡು ಬಂದವನು. ಅವರ ಸೋದರಮಾವ ಕ್ರಿಯಾನ್ ದೊರೆಯಾದ. ಪಾಲಿನೈಸಿಸ್‌ನ ಹೆಣವನ್ನು ಯಾರೂ ಹೂಳಬಾರದು, ಅವನಿಗಾಗಿ ಯಾರೂ ಅಳಲೂಬಾರದು, ನಾಯಿ ಹದ್ದುಗಳು ತಿನ್ನಲಿ ಅಂತ ಆಜ್ಞೆ ಮಾಡಿದ. ಅದನ್ನು ಮೀರಿ ಹೆಣಕ್ಕೆ ಮಣ್ಣು ಹಾಕಿದ ಸೋದರಿ ಆಂಟಿಗೊನೆಯನ್ನು ಜೀವಂತವಾಗಿ ಗುಹೆಯಲ್ಲಿ ಮುಚ್ಚಿಸಿದ.

ಕ್ರಿ.ಪೂ. 441ರ ಸುಮಾರಿಗೆ ಅಥೆನ್ಸಿನಲ್ಲಿ ಇದನ್ನು ನೋಡಿದವರಿಗೆ ಈ ಆಜ್ಞೆ ಪೂರ್ತಿ ಹೊಸದಾಗಿ ಕೇಳಿರಲಾರದು. ದ್ರೋಹಿಯನ್ನು ತಮ್ಮ ನೆಲದಲ್ಲಿ ಹೂಳಬಾರದು ಎಂಬ ಕಾನೂನು ಅಲ್ಲೂ ಇತ್ತು. ಆದರೆ ಗಡಿಯಾಚೆ ಹೂಳಬಹುದಿತ್ತು. ಕ್ರಿಯಾನ್ ಅದನ್ನೂ ದಾಟಿ ಹೋದ. ಬರೆದ ಸೊಫೊಕ್ಲಿಸ್ ಕೂಡ ರಾಜಕೀಯದ ಹೊರಗಿನವನಲ್ಲ. ಅಥೆನ್ಸ್ ಮುಂದಾಳಾಗಿದ್ದ ಗ್ರೀಕ್ ಪಟ್ಟಣಗಳ ಕೂಟದ ಖಜಾನೆ ನೋಡಿಕೊಂಡಿದ್ದ, ಸೇನಾಧಿಪತಿಯಾಗಿ ಆಯ್ಕೆಯಾಗಿ ಅಥೆನ್ಸಿನ ಮುಖಂಡ ಪೆರಿಕ್ಲಿಸ್ ಜೊತೆ ಸೇಮೋಸ್ ದ್ವೀಪದ ಯುದ್ಧದಲ್ಲಿ ಕೆಲಸ ಮಾಡಿದ್ದ. ಅಧಿಕಾರದ ಕುರ್ಚಿಯಲ್ಲಿ ಕೂತವನ ಮಾತು ಹೇಗಿರುತ್ತದೆ ಅಂತ ಅವನು ಒಳಗಿನಿಂದಲೇ ಕಂಡಿದ್ದ.

ಸುಮಾರು ನೂರು ವರ್ಷ ಆದಮೇಲೆ ನಡೆದದ್ದು ನನಗೆ ತುಂಬ ಮುಖ್ಯ. ಕ್ರಿ.ಪೂ. 343ರಲ್ಲಿ ಅಥೆನ್ಸಿನ ಹೆಸರಾಂತ ಭಾಷಣಕಾರ ಡೆಮಾಸ್ತನೀಸ್ ತನ್ನ ರಾಜಕೀಯ ವೈರಿ ಈಸ್ಕಿನಿಸ್ ಮೇಲೆ ಮೊಕದ್ದಮೆ ಹೂಡಿದ. ಈಸ್ಕಿನಿಸ್ ಹಿಂದೆ ನಟನಾಗಿದ್ದವನು, ಕ್ರಿಯಾನ್ ಪಾತ್ರ ಮಾಡಿದ್ದವನು. ಡೆಮಾಸ್ತನೀಸ್ ಕ್ರಿಯಾನ್‌ನ ಮೊದಲ ಭಾಷಣವನ್ನೇ ನ್ಯಾಯಾಲಯದಲ್ಲಿ ಓದಿಸಿದ. ನಾಡಿಗಿಂತ ಗೆಳೆಯ ದೊಡ್ಡವನು ಅನ್ನುವವನನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ ಎಂಬ ಭಾಗ ಅದು. ಇಷ್ಟು ಒಳ್ಳೆಯ ಮಾತನ್ನು ಬಾಯಿಪಾಠ ಮಾಡಿ ಆಡಿದವನು ಅದರಂತೆ ನಡೆಯಲಿಲ್ಲವಲ್ಲ ಎಂಬುದು ಅವನ ಆರೋಪ. ಅಂದರೆ ಅಲ್ಲಿ ಕ್ರಿಯಾನ್‌ನ ಮಾತು ಒಳ್ಳೆಯ ಆಡಳಿತದ ಮಾತಾಗಿಯೇ ಚಲಾವಣೆಯಲ್ಲಿತ್ತು!

ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನ್ ತತ್ವಜ್ಞಾನಿ ಹೆಗೆಲ್ ಆಂಟಿಗೊನೆ, ಕ್ರಿಯಾನ್ ಇಬ್ಬರಲ್ಲೂ ನ್ಯಾಯ ಕಂಡ. ಮನೆತನದ ಧರ್ಮವೂ ರಾಜ್ಯದ ಧರ್ಮವೂ ಡಿಕ್ಕಿ ಹೊಡೆದವು, ಇಬ್ಬರೂ ಅರ್ಧರ್ಧ ಸರಿ ಅಂದ. ಆಮೇಲೆ ಎರಡನೇ ಮಹಾಯುದ್ಧ ಬಂತು. 1944ರಲ್ಲಿ, ಪ್ಯಾರಿಸ್ ಇನ್ನೂ ನಾಜಿಗಳ ಕೈಯಲ್ಲಿದ್ದಾಗ, ಫ್ರೆಂಚ್ ನಾಟಕಕಾರ ಅನುಯಿ ಬರೆದ 'ಆಂಟಿಗೊನೆ' ರಂಗಕ್ಕೆ ಬಂತು. ಅದರ ಕ್ರಿಯಾನ್ ದಣಿದ ಆಡಳಿತಗಾರ, ಯಾರಾದರೂ ಈ ಹೊಲಸು ಕೆಲಸ ಮಾಡಲೇಬೇಕಲ್ಲ ಅನ್ನುವವನು. 1948ರಲ್ಲಿ ಜರ್ಮನ್ ನಾಟಕಕಾರ ಬ್ರೆಕ್ಟ್ ಸ್ವಿಟ್ಜರ್ಲೆಂಡಿನಲ್ಲಿ ಆಡಿಸಿದ ನಾಟಕದಲ್ಲಿ ಅದೇ ಕ್ರಿಯಾನ್ ಅದಿರಿಗಾಗಿ ಪಕ್ಕದ ರಾಜ್ಯದ ಮೇಲೆ ಯುದ್ಧ ಹೂಡುವ ಹಿಟ್ಲರನಂಥವನು.

ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಕೈದಿಗಳು ಈ ನಾಟಕ ಆಡಿದಾಗ ಕ್ರಿಯಾನ್ ಆದವರು ನೆಲ್ಸನ್ ಮಂಡೇಲಾ. ಅದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಶುರುವಿನಲ್ಲಿ ಕ್ರಿಯಾನ್‌ನಲ್ಲಿ ಅವರಿಗೆ ಪ್ರಾಮಾಣಿಕ ದೇಶಪ್ರೇಮಿಯೇ ಕಾಣುತ್ತಾನೆ. ಕೆಡುವುದು ಆಮೇಲೆ, ಯಾರ ಮಾತನ್ನೂ ಕೇಳದೆ ಹೋದಾಗ. ಸೆರೆಯಲ್ಲಿದ್ದ ಮನುಷ್ಯ ಆಳುವವನ ಪಾತ್ರವನ್ನು ಇಷ್ಟು ನ್ಯಾಯವಾಗಿ ನೋಡಿದ್ದು ಸಣ್ಣ ವಿಷಯ ಅಲ್ಲ.

ಕನ್ನಡಕ್ಕೆ ಈ ನಾಟಕ ತಂದವರು ಪಿ. ಲಂಕೇಶ್. ಅದಕ್ಕೂ ಮೊದಲು ಬಿ.ಎಂ.ಶ್ರೀ. ಅವರು ಸೊಫೊಕ್ಲಿಸ್‌ನ 'ಏಜಾಕ್ಸ್' ನಾಟಕವನ್ನು ಮಹಾಭಾರತಕ್ಕೆ ಹೊಂದಿಸಿ 'ಅಶ್ವತ್ಥಾಮನ್' ಬರೆದಿದ್ದರು. 'ಏಜಾಕ್ಸ್' ನಾಟಕದಲ್ಲೂ ಹೆಣ ಹೂಳುವ ಜಗಳವೇ ಇದೆ. ಆದರೆ ಅಲ್ಲಿ ಸತ್ತವನ ವೈರಿಯಾಗಿದ್ದ ಒಡಿಸ್ಯೂಸ್ ನಡುವೆ ಬಂದು ಹೂಳಲು ಬಿಡಿ ಅನ್ನುತ್ತಾನೆ, ದೊರೆ ಕೇಳುತ್ತಾನೆ.

ಕ್ರಿಯಾನ್‌ಗೆ ಹೇಳುವವರು ಇರಲಿಲ್ಲವಾ? ಬೇಕಾದಷ್ಟು ಜನ ಇದ್ದರು. ಮಗ ಹೀಮನ್ ಬರುತ್ತಾನೆ, ಆಂಟಿಗೊನೆಯನ್ನು ಮದುವೆಯಾಗಬೇಕಿದ್ದವನು. ಅವನು ಮೊದಲು ತನ್ನ ಪ್ರೀತಿಯ ಮಾತೇ ಎತ್ತುವುದಿಲ್ಲ. ಜನ ನಿಮ್ಮೆದುರು ಬಾಯಿ ಬಿಡುವುದಿಲ್ಲ, ಕತ್ತಲಲ್ಲಿ ಗೊಣಗುತ್ತಿದ್ದಾರೆ, ನನ್ನ ಕಿವಿಗೆ ಬಿದ್ದಿದೆ ಅನ್ನುತ್ತಾನೆ. ಅಪ್ಪನ ಉತ್ತರ, ಊರು ದೊರೆಯದ್ದಲ್ಲವಾ? ಒಬ್ಬನಿಗೇ ಸೇರಿದ್ದು ಊರೇ ಅಲ್ಲ ಅನ್ನುತ್ತಾನೆ ಮಗ. ಕ್ರಿಯಾನ್‌ಗೆ ಇದೆಲ್ಲ ಹೆಣ್ಣಿನ ಗುಲಾಮನ ಮಾತಾಗಿ ಕೇಳುತ್ತದೆ. ಕಾವಲುಗಾರ ಸುದ್ದಿ ತಂದರೆ ದುಡ್ಡು ತಿಂದಿದ್ದಾನೆ, ಕುರುಡ ಕಣಿಗಾರ ಟೈರೀಸಿಯಸ್ ಎಚ್ಚರಿಸಿದರೆ ಅವನೂ ದುಡ್ಡು ತಿಂದಿದ್ದಾನೆ. ತನಗೆ ಎದುರಾಡುವವರಿಗೆಲ್ಲ ಒಳಗೊಂದು ಲಾಭ ಇರಲೇಬೇಕು ಅಂತ ಅವನ ನಂಬಿಕೆ. ಈ ಗುಣ ಅವನ ಕ್ರೌರ್ಯಕ್ಕಿಂತ ಅಪಾಯದ್ದು ಅಂತ ನನಗೆ ಅನ್ನಿಸುತ್ತದೆ.

ಆದರೂ ಅವನು ಮನಸ್ಸು ಬದಲಿಸುತ್ತಾನೆ. ಇದನ್ನು ಮರೆಯಬಾರದು. ಟೈರೀಸಿಯಸ್ ಹೋದಮೇಲೆ ಹೆದರಿ, ಏನು ಮಾಡಲಿ ಅಂತ ಊರ ಹಿರಿಯರನ್ನು ಕೇಳುತ್ತಾನೆ. ಮೊದಲು ಗುಹೆಯಿಂದ ಹುಡುಗಿಯನ್ನು ಬಿಡಿಸು, ಆಮೇಲೆ ಹೆಣಕ್ಕೆ ಗೋರಿ ಕಟ್ಟು ಅಂತ ಅವರು ಬಿಡಿಸಿ ಹೇಳುತ್ತಾರೆ. ಅವನು ಮಾಡುವುದು ಉಲ್ಟಾ. ಮೊದಲು ಪಾಲಿನೈಸಿಸ್‌ನ ಉಳಿದ ದೇಹವನ್ನು ತೊಳೆದು, ಸುಟ್ಟು, ದಿಬ್ಬ ಕಟ್ಟಿಸಿ, ಆಮೇಲೆ ಗುಹೆಗೆ ಹೋಗುತ್ತಾನೆ. ಅಷ್ಟರಲ್ಲಿ ಆಂಟಿಗೊನೆ ನೇಣು ಹಾಕಿಕೊಂಡಿರುತ್ತಾಳೆ. ಹೀಮನ್ ಅವನ ಕಣ್ಣೆದುರೇ ಇರಿದುಕೊಳ್ಳುತ್ತಾನೆ, ಸುದ್ದಿ ಕೇಳಿದ ಹೆಂಡತಿಯೂ ಸಾಯುತ್ತಾಳೆ. ಯಾಕೆ ಹಾಗೆ ಮಾಡಿದ ಅಂತ ಸೊಫೊಕ್ಲಿಸ್ ಹೇಳುವುದಿಲ್ಲ. ನನ್ನ ಓದಿನಲ್ಲಿ, ಹೆಣದಿಂದ ಊರಿಗೆ ಮೈಲಿಗೆ ಅಂತ ಟೈರೀಸಿಯಸ್ ಹೇಳಿದ್ದ, ಹಾಗಾಗಿ ತಿದ್ದಿಕೊಳ್ಳುವಾಗಲೂ ಕ್ರಿಯಾನ್‌ಗೆ ರಾಜ್ಯದ ಕೆಲಸವೇ ಮೊದಲು, ಜೀವ ಇರುವ ಹುಡುಗಿ ಆಮೇಲೆ. ಬ್ರೆಕ್ಟ್‌ನ ಹಿಟ್ಲರನಂಥ ಕ್ರಿಯಾನ್‌ಗಿಂತ ಈ ಕ್ರಿಯಾನ್ ನನ್ನನ್ನು ಜಾಸ್ತಿ ಹೆದರಿಸುತ್ತಾನೆ.