ಇಂಡೊನೇಷ್ಯಾ: ಫತ್ವಾದಿಂದ ಕಾನೂನಿನವರೆಗೆ ಮಹಿಳಾ ಉಲೇಮಾಗಳ ಹಾದಿ

ಮದುವೆಯ ವಯಸ್ಸು, ಹೆರಿಗೆ, ಸುನ್ನತಿಯಂತಹ ವಿಷಯಗಳಲ್ಲಿ ಇಂಡೊನೇಷ್ಯಾದ ಮುಸ್ಲಿಂ ಧರ್ಮಗುರುಗಳು (ಉಲೇಮಾಗಳು) ಹೆಣ್ಣುಮಕ್ಕಳ ಪರವೋ ವಿರುದ್ಧವೋ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಒಂದೇ ಪ್ರಶ್ನೆಗೆ ಪರಸ್ಪರ ವಿರುದ್ಧವಾದ ಧಾರ್ಮಿಕ ತೀರ್ಪುಗಳು (ಫತ್ವಾಗಳು) ಬಂದಿವೆ. ಸರ್ಕಾರವೂ ತನ್ನ ಆದೇಶಗಳನ್ನು ತಾನೇ ಬದಲಿಸಿದೆ.

ದಂಪತಿಗಳು ಗರ್ಭನಿರೋಧಕ ಬಳಸಬಹುದೆಂದು ಈಜಿಪ್ಟಿನ ಮುಫ್ತಿ 1937ರಲ್ಲೇ ಫತ್ವಾ ನೀಡಿದ್ದರು. 1960ರ ದಶಕದ ಕೊನೆಗೆ ಇಂಡೊನೇಷ್ಯಾದ ಬೃಹತ್ ಧಾರ್ಮಿಕ ಸಂಘಟನೆ ನಹ್ದಲತುಲ್ ಉಲಮಾ ಕೂಡ ಷರತ್ತುಗಳೊಂದಿಗೆ ಕುಟುಂಬ ಯೋಜನೆಯನ್ನು ಒಪ್ಪಿತು. ಪ್ರತಿ ಮಹಿಳೆಗೆ ಸರಾಸರಿ ಐದಕ್ಕೂ ಹೆಚ್ಚಿದ್ದ ಮಕ್ಕಳ ಸಂಖ್ಯೆ ಶತಮಾನದ ಕೊನೆಗೆ ಎರಡೂವರೆಯ ಆಸುಪಾಸಿಗೆ ಇಳಿದದ್ದರಲ್ಲಿ ಈ ಸಮ್ಮತಿಯ ಪಾಲು ಸಣ್ಣದಲ್ಲ. ಆದರೆ ಆಗಿನ ಚರ್ಚೆ ನಡೆದದ್ದು ಜನಸಂಖ್ಯೆಯ ಕುರಿತು. ಹೆರುವವಳ ಮಾತನ್ನು ಕೇಳಿದವರು ಕಡಿಮೆ.

ಆ ಕೊರತೆಯನ್ನು ತುಂಬಲು ಹೊರಟವರು ಮದರಸಾಗಳ ಒಳಗಿನವರೇ. 1990ರ ದಶಕದಲ್ಲಿ ಪೆಸಾಂತ್ರೆನ್ ಎಂಬ ವಸತಿ ಮದರಸಾಗಳಲ್ಲಿ ಹಳೆಯ ಧರ್ಮಶಾಸ್ತ್ರ ಗ್ರಂಥಗಳನ್ನು ಸಂತಾನೋತ್ಪತ್ತಿ ಆರೋಗ್ಯದ ದೃಷ್ಟಿಯಿಂದ ಮರಳಿ ಓದುವ ತರಬೇತಿಗಳು ಆರಂಭವಾದವು. 2000ದಲ್ಲಿ ಹುಟ್ಟಿದ ರಹೀಮಾ ಸಂಸ್ಥೆ ಮುಂದೆ ಮಹಿಳಾ ಉಲೇಮಾಗಳನ್ನೇ ತರಬೇತುಗೊಳಿಸಿತು. ಇದರ ಫಲ ದೇಶಕ್ಕೆ ಕಂಡದ್ದು 2017ರ ಏಪ್ರಿಲ್‌ನಲ್ಲಿ, ಚಿರೆಬಾನ್‌ನ ಕೆಬೊನ್ ಜಂಬು ಪೆಸಾಂತ್ರೆನ್‌ನಲ್ಲಿ ಮಹಿಳಾ ಉಲೇಮಾಗಳ ಮೊದಲ ರಾಷ್ಟ್ರೀಯ ಸಮಾವೇಶ ನಡೆದಾಗ. ಬಾಲ್ಯವಿವಾಹ, ಲೈಂಗಿಕ ಹಿಂಸೆ, ಪರಿಸರ ನಾಶ ಎಂಬ ಮೂರು ವಿಷಯಗಳ ಮೇಲೆ ಅಲ್ಲಿ ಧಾರ್ಮಿಕ ತೀರ್ಪು ಹೊರಬಿತ್ತು. ಆ ತೀರ್ಪುಗಳನ್ನು ರೂಪಿಸಿದ ಬಗೆ ಗಮನಾರ್ಹ: ಕುರಾನ್, ಹದೀಸ್ (ಪ್ರವಾದಿಯ ನಡೆ-ನುಡಿಗಳ ಸಂಗ್ರಹ) ಮತ್ತು ಹಿಂದಿನ ವಿದ್ವಾಂಸರ ಅಭಿಪ್ರಾಯಗಳ ಜೊತೆಗೆ ದೇಶದ ಸಂವಿಧಾನವನ್ನೂ, ಮುಟ್ಟು, ಬಸಿರು, ಹೆರಿಗೆ, ಬಾಣಂತನಗಳಲ್ಲಿ ಹೆಣ್ಣು ಪಡುವ ಪಾಡನ್ನೂ ಆಧಾರವಾಗಿ ಪರಿಗಣಿಸಲಾಯಿತು. ಹಾನಿ ತರುವ ಬಾಲ್ಯವಿವಾಹವನ್ನು ತಡೆಯುವುದು ಧಾರ್ಮಿಕ ಕರ್ತವ್ಯವೆಂದು ಸಾರಿದ ಸಮಾವೇಶವು, ಹೆಣ್ಣಿನ ಕನಿಷ್ಠ ಮದುವೆ ವಯಸ್ಸನ್ನು 18ಕ್ಕೆ ಏರಿಸುವಂತೆ ಸರ್ಕಾರವನ್ನು ಕೋರಿತು.

1974ರ ಕಾನೂನಿನಲ್ಲಿ ಗಂಡಿಗೆ 19, ಹೆಣ್ಣಿಗೆ 16 ವರ್ಷವಿತ್ತು. ವಯಸ್ಸನ್ನು ಏರಿಸಬೇಕೆಂಬ ಅರ್ಜಿಯನ್ನು 2015ರಲ್ಲಿ ತಳ್ಳಿಹಾಕಿದ್ದ ಸಾಂವಿಧಾನಿಕ ನ್ಯಾಯಾಲಯವೇ 2018ರಲ್ಲಿ ಈ ಅಂತರವನ್ನು ತಾರತಮ್ಯವೆಂದು ಕರೆಯಿತು. 2019ರಲ್ಲಿ ಸಂಸತ್ತು ಇಬ್ಬರಿಗೂ 19 ಎಂದು ನಿಗದಿಪಡಿಸಿತು. ಆದರೂ ಪೋಷಕರು ನ್ಯಾಯಾಲಯದಿಂದ ವಿನಾಯಿತಿ ಪಡೆಯುವ ದಾರಿ ಮುಚ್ಚಲಿಲ್ಲ, ಮರುವರ್ಷ ಇಂತಹ ಅರ್ಜಿಗಳು 60 ಸಾವಿರ ದಾಟಿದವು. ಸುಪ್ರೀಂ ಕೋರ್ಟ್ ರೂಪಿಸಿದ ನಿಯಮದಂತೆ ನ್ಯಾಯಾಧೀಶರು ಕರಿ ನಿಲುವಂಗಿ ತೆಗೆದಿಟ್ಟು, ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಅವಳ ಮಾತನ್ನೇ ಕೇಳಬೇಕು. ಓದು ನಿಲ್ಲುವ ಮತ್ತು ಗರ್ಭ ಹೊರಲು ದೇಹ ಸಿದ್ಧವಿಲ್ಲದಿರುವ ಅಪಾಯಗಳನ್ನು ವಿವರಿಸಬೇಕು. ಈ ವಿಚಾರಣೆ ಎಷ್ಟು ಗಂಭೀರವಾಗಿ ನಡೆಯುತ್ತದೆ ಎಂಬುದರ ಮೇಲೆಯೇ ಕಾನೂನಿನ ಬೆಲೆ ನಿಂತಿದೆ.

ಹೆಣ್ಣುಮಕ್ಕಳ ಸುನ್ನತಿಯ, ಅಂದರೆ ಜನನಾಂಗವನ್ನು ಗೀರುವ ಅಥವಾ ಕತ್ತರಿಸುವ ಪದ್ಧತಿಯ, ವಿಷಯ ಇನ್ನೂ ಜಟಿಲ. ವೈದ್ಯಕೀಯ ಸಿಬ್ಬಂದಿ ಅದನ್ನು ಮಾಡಕೂಡದೆಂದು 2006ರಲ್ಲಿ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿತು. ನಿಷೇಧ ಸಲ್ಲದೆಂದು 2008ರಲ್ಲಿ ದೇಶದ ಧರ್ಮಗುರುಗಳ ಸಂಸ್ಥೆಯಾದ ಉಲೇಮಾ ಮಂಡಳಿ ಫತ್ವಾ ನೀಡಿತು. 2010ರಲ್ಲಿ ಇಲಾಖೆ ಸುನ್ನತಿ ಮಾಡುವ ವಿಧಾನವನ್ನೇ ನಿಯಮವಾಗಿ ಪ್ರಕಟಿಸಿ, 2014ರಲ್ಲಿ ಹಿಂಪಡೆಯಿತು. ಇಷ್ಟೆಲ್ಲದರ ನಡುವೆ ಶಿಶುಗಳ ದೇಹದ ಮೇಲೆ ಅನಗತ್ಯ ಗಾಯ ಮುಂದುವರಿದೇ ಇತ್ತು. ವೈದ್ಯಕೀಯ ಕಾರಣವಿಲ್ಲದೆ ಹೀಗೆ ಮಾಡುವುದು ಹರಾಂ (ಧರ್ಮನಿಷಿದ್ಧ) ಎಂದು 2022ರಲ್ಲಿ ಮಹಿಳಾ ಉಲೇಮಾಗಳ ಎರಡನೇ ಸಮಾವೇಶ ತೀರ್ಪಿತ್ತಿತು. ಈ ಪದ್ಧತಿಯನ್ನು ತೊಡೆದುಹಾಕಬೇಕೆಂಬ ಸರ್ಕಾರಿ ನಿಯಮ 2024ರಲ್ಲಿ ಬಂದಿದೆ. ಅದನ್ನು ಹೆರಿಗೆ ಮಾಡಿಸುವ ಸೂಲಗಿತ್ತಿಯರಿಗೂ ಊರಿನ ಇಮಾಮರಿಗೂ ತಲುಪಿಸುವ ಕೆಲಸ ಇನ್ನೂ ಬಾಕಿಯಿದೆ.