ಆಲಿವ್ ಕೊಂಬೆಯಿಂದ ಜಪಸರದವರೆಗೆ: ಬೆತ್ಲೆಹೇಮಿನ ಕೆತ್ತನೆಯನ್ನು ಓದುವ ಬಗೆ

ಬೆತ್ಲೆಹೇಮಿನಲ್ಲಿ ಯಾತ್ರಿಕರಿಗಾಗಿ ಮಾಡುವ ಆಲಿವ್ ಮರದ ಕೆತ್ತನೆಯ ಈ ಪಾಠವನ್ನು ಪರೀಕ್ಷೆಗೆ ಓದುವಾಗ ನಾನು ಮೊದಲು ಎಡವಿದ್ದು "ಸ್ಮರಣಿಕೆ" ಎಂಬ ಪದದಲ್ಲೇ. ಆ ಪದ ಕೇಳಿದೊಡನೆ ಗಾಜಿನ ಕಪಾಟಿನಲ್ಲಿಟ್ಟು ಮರೆತುಬಿಡುವ ಗೊಂಬೆ ಕಣ್ಮುಂದೆ ಬರುತ್ತದೆ. ಕ್ರೈಸ್ತ ಯಾತ್ರಿಕರು ಪುಣ್ಯಕ್ಷೇತ್ರದಿಂದ ತರುವ ವಸ್ತುವನ್ನು ಆ ಲೆಕ್ಕಕ್ಕೆ ಸೇರಿಸಿದರೆ ಅರ್ಧ ವಿಷಯ ಕೈತಪ್ಪಿ ಹೋಗುತ್ತದೆ. ಇದಕ್ಕೆ ಇದ್ದ ಹಳೆಯ ಗ್ರೀಕ್ ಪದ 'ಯೂಲೋಜಿಯಾ', ಅಂದರೆ ಆಶೀರ್ವಾದ. 6ನೇ ಶತಮಾನದ ಹೊತ್ತಿಗೇ ಯಾತ್ರಿಕರು ಜೆರುಸಲೇಮಿನ ಪವಿತ್ರ ಸ್ಥಳಗಳ ಎಣ್ಣೆಯನ್ನು ಪುಟ್ಟ ಲೋಹದ ಕುಪ್ಪಿಗಳಲ್ಲಿ ತುಂಬಿಕೊಂಡು ಒಯ್ಯುತ್ತಿದ್ದರು. ಅಂಥ ಕುಪ್ಪಿಗಳು ಇಟಲಿಯ ಮೊಂಜಾದಲ್ಲಿ ಇಂದಿಗೂ ಇವೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಇವು ಗೊಂಬೆಗಿಂತ ಪ್ರಸಾದಕ್ಕೆ ಹತ್ತಿರ.

ಬೆತ್ಲೆಹೇಮ್ ಇರುವುದು ಜೆರುಸಲೇಮಿನಿಂದ ಸುಮಾರು 10 ಕಿ.ಮೀ. ದಕ್ಷಿಣಕ್ಕೆ. ಯೇಸುವಿನ ಜನನಸ್ಥಳವೆಂದು ನಂಬುವ ಗುಹೆಯ ಮೇಲೆ 4ನೇ ಶತಮಾನದಲ್ಲಿ ಚರ್ಚು ಎದ್ದಿತು, 6ನೇ ಶತಮಾನದಲ್ಲಿ ಅದನ್ನು ಮತ್ತೆ ಕಟ್ಟಿದರು. ಮರದ ಕೆತ್ತನೆಯೂ ಆ 4ನೇ ಶತಮಾನದಿಂದಲೇ ಬಂತು ಎಂದು ಊರಿನವರು ಹೇಳುತ್ತಾರೆ. ಅದು ಐತಿಹ್ಯ, ಪರೀಕ್ಷೆಯ ಉತ್ತರದಲ್ಲಿ ಐತಿಹ್ಯವೆಂದೇ ಬರೆಯಿರಿ. ಕಸುಬಾಗಿ ಇದು ಬೆಳೆದದ್ದು ಆಟೋಮನ್ ತುರ್ಕರ ಆಳ್ವಿಕೆಯಲ್ಲಿ, 16-17ನೇ ಶತಮಾನಗಳಲ್ಲಿ, ಅಲ್ಲಿದ್ದ ಫ್ರಾನ್ಸಿಸ್ಕನ್ (ಸಂತ ಫ್ರಾನ್ಸಿಸರ ಪಂಥದ ಕಥೋಲಿಕ) ಸನ್ಯಾಸಿಗಳ ಆಸರೆಯಲ್ಲಿ.

ಈಗ ಮರಕ್ಕೆ ಬರೋಣ, ಏಕೆಂದರೆ ವಸ್ತುವಿನ ಆಕಾರ ಅರ್ಧ ನಿರ್ಧಾರವಾಗುವುದು ಇಲ್ಲೇ. ಕಾಯಿ ಬಿಡುವ ಆಲಿವ್ ಮರ ಆ ನಾಡಿನ ರೈತನಿಗೆ ಜೀವನಾಧಾರ. ಕೆತ್ತನೆಗೆಂದು ಅದನ್ನು ಬುಡಸಮೇತ ಕಡಿಯುವ ರೂಢಿಯಿಲ್ಲ. ಅಕ್ಟೋಬರ್-ನವೆಂಬರ್‌ನಲ್ಲಿ ಕೊಯ್ಲು ಮುಗಿದ ಮೇಲೆ ಮರ ಸವರುತ್ತಾರಲ್ಲ, ಆಗ ಬಿದ್ದ ಕೊಂಬೆಗಳೇ ಕಚ್ಚಾ ಸಾಮಗ್ರಿ. ಅವು ನೇರವಾಗಿರುವುದಿಲ್ಲ, ದಪ್ಪವೂ ಇರುವುದಿಲ್ಲ, ಮೈತುಂಬ ಗಂಟು. ಒಂದೇ ತುಂಡಿನಲ್ಲಿ ದೊಡ್ಡ ಪ್ರತಿಮೆ ಕಡೆಯುವುದು ಕಷ್ಟ. ಜಪಸರದ ಮಣಿ, ಅಂಗೈಯಗಲದ ಶಿಲುಬೆ, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯದ) ಕುರಿ, ಒಂಟೆ, ಕತ್ತೆ, ಶಿಶುವನ್ನು ನೋಡಲು ಬಂದ ಮೂಡಣ ದೇಶದ ಜೋಯಿಸರು, ಹೀಗೆ ಸಣ್ಣ ವಸ್ತುಗಳೇ ಹೆಚ್ಚು. ಯಾತ್ರಿಕರ ಪೆಟ್ಟಿಗೆಗೆ ಹಿಡಿಸುವ ಅಳತೆಯೂ ಅದೇ ಆಗಿದ್ದು ಕಸುಬಿನ ಅದೃಷ್ಟ ಎನ್ನಬೇಕು.

ಹಸಿ ಕೊಂಬೆಯನ್ನು ತಕ್ಷಣ ಕೆತ್ತಿದರೆ ಸೀಳು ಬಿಡುತ್ತದೆ. ಆಲಿವ್ ಒತ್ತಾದ ಮರ, ತೂಕ ಹೆಚ್ಚುಕಡಿಮೆ ಅದೇ ಗಾತ್ರದ ನೀರಿನಷ್ಟೇ. ಒಳಗಿನ ತೇವ ನಿಧಾನಕ್ಕೆ ಹೋಗಬೇಕು, ಹಾಗಾಗಿ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಒಣಗಿದ ತುಂಡೊಂದನ್ನು ಬೆಳಕಿಗೆ ಹಿಡಿದು ನೋಡಿ: ಬೆಣ್ಣೆಬಣ್ಣದ ಮೈಮೇಲೆ ಕಾಫಿಬಣ್ಣದ ಗೆರೆಗಳು ಹೊಗೆ ಸುತ್ತಿದಂತೆ ಓಡಿರುತ್ತವೆ, ಗಂಟಿನ ಹತ್ತಿರ ಬಂದಾಗ ಸುಳಿ ಸುತ್ತುತ್ತವೆ. ನುರಿತ ಕೈ ಆ ಗೆರೆಯನ್ನೇ ಯೇಸುವಿನ ತಾಯಿ ಮರಿಯಮ್ಮನ ಮೇಲುಹೊದಿಕೆಯ ನೆರಿಗೆಯಾಗಿ ಬರುವಂತೆ ತುಂಡನ್ನು ತಿರುಗಿಸಿಕೊಳ್ಳುತ್ತದೆ. ಕಣ್ಣು ಮೂಗು ಇಲ್ಲದ ನುಣುಪು ಮುಖದ ಗೊಂಬೆಗಳನ್ನೂ ನೀವು ನೋಡಿರಬಹುದು. ಅದನ್ನು ಕೆಲಸಗಳ್ಳತನ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಹೆಬ್ಬೆರಳಿನಷ್ಟು ಮುಖದ ಮೇಲೆ ಮರದ ಗೆರೆಯೂ ಓಡಿ, ಕೆತ್ತಿದ ಕಣ್ಣೂ ಬಂದರೆ ಎರಡೂ ಕೆಡುತ್ತವೆ.

ಈಗಿನ ಕಾರ್ಖಾನೆಗಳಲ್ಲಿ ನಕಲು ಯಂತ್ರ ಬಂದಿದೆ. ಒಂದು ಮೂಲ ಗೊಂಬೆಯ ಮೈಮೇಲೆ ಸೂಚಿ ಓಡಿದಂತೆ ಪಕ್ಕದ ಹಲವು ತುಂಡುಗಳು ಒಟ್ಟಿಗೇ ಅದೇ ಆಕಾರಕ್ಕೆ ಕೊರೆದುಕೊಳ್ಳುತ್ತವೆ. ಆಮೇಲೆ ಉಳಿ, ಉಪ್ಪುಕಾಗದ, ಹೊಳಪು, ಎಲ್ಲ ಕೈಯಲ್ಲಿ. "ಕೈಕೆಲಸವೋ ಯಂತ್ರದ್ದೋ" ಎಂದು ಕೇಳಿದರೆ ಒಂದೇ ಪದದಲ್ಲಿ ಉತ್ತರಿಸಲು ಹೋಗಬೇಡಿ.

ಇಡೀ ಪಾಠದಲ್ಲಿ ನನಗೆ ಅತಿ ಇಷ್ಟವಾದದ್ದು ಚರ್ಚಿನ ಮಾದರಿಗಳು. ಬರ್ನಾರ್ಡಿನೊ ಅಮಿಕೊ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ 1590ರ ದಶಕದಲ್ಲಿ ಅಲ್ಲಿದ್ದು ಪವಿತ್ರ ಸ್ಥಳಗಳನ್ನು ಅಳತೆ ಹಿಡಿದು ನಕ್ಷೆ ಬರೆದ. ಆ ನಕ್ಷೆಗಳ ಪುಸ್ತಕದ 1620ರ ಮುದ್ರಣಕ್ಕೆ ಚಿತ್ರ ಕೊರೆದವನು ಫ್ರೆಂಚ್ ಕಲಾವಿದ ಜಾಕ್ ಕಾಲೊ. ಇಂಥ ನಕ್ಷೆಗಳ ನೆರವಿನಿಂದ 17-18ನೇ ಶತಮಾನದಲ್ಲಿ ಬೆತ್ಲೆಹೇಮಿನ ಕುಶಲಕರ್ಮಿಗಳು ಜೆರುಸಲೇಮಿನ ಪವಿತ್ರ ಸಮಾಧಿ ಚರ್ಚನ್ನು (ಯೇಸುವಿನ ಸಮಾಧಿ ಇದೆಯೆಂದು ನಂಬುವ ಚರ್ಚು) ಆಲಿವ್ ಮರದಲ್ಲಿ ಮಾಡಿ, ಮೇಲೆ ಮುತ್ತಿನ ಚಿಪ್ಪನ್ನೂ ಮೂಳೆ ಅಥವಾ ದಂತವನ್ನೂ ಕೂರಿಸಿದರು. ಛಾವಣಿ, ಗುಮ್ಮಟ ಬಿಚ್ಚಿ ಎತ್ತಬಹುದು. ಎತ್ತಿದರೆ ಒಳಗೆ ಸಮಾಧಿಯ ಪುಟ್ಟ ಗುಡಿ ಕಾಣುತ್ತದೆ. ಬೆರಳಿನಿಂದಲೇ ಯಾತ್ರೆ ಮಾಡಬಹುದು! ಸಾಮಾನ್ಯ ಯಾತ್ರಿಕರಿಗೆ ಎಟುಕುವ ವಸ್ತುವಲ್ಲ ಇದು, ಶ್ರೀಮಂತರಿಗೂ ಯುರೋಪಿನ ಅರಸುಮನೆಗಳಿಗೂ ಹೋಗುತ್ತಿತ್ತು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಒಂದಿದೆ. 1808ರ ಬೆಂಕಿಯಲ್ಲಿ ನಿಜವಾದ ಚರ್ಚಿನ ಗುಮ್ಮಟ ಸುಟ್ಟು ಬಿತ್ತು, ಸಮಾಧಿಯ ಗುಡಿಯನ್ನೂ ಆಮೇಲೆ ಹೊಸದಾಗಿ ಕಟ್ಟಿದರು. ಆದರೆ ಈ ಮಾದರಿಗಳಲ್ಲಿ ಹಳೆಯದೇ ಉಳಿದಿದೆ. ಹಾಗಾಗಿ ವಾಸ್ತುಶಿಲ್ಪ ಓದುವವರಿಗೂ ಇವು ದಾಖಲೆ.

19ನೇ ಶತಮಾನದಲ್ಲಿ ಉಗಿಹಡಗು ಬಂತು, ಯಾತ್ರಿಕರು ಹೆಚ್ಚಿದರು. ಬೆತ್ಲೆಹೇಮಿನ ವರ್ತಕರು ತಾವೇ ಸರಕು ಹೊತ್ತು ಹೊರಟರು. 1893ರ ಶಿಕಾಗೊ ವಿಶ್ವಮೇಳಕ್ಕೂ (ಹೌದು, ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅದೇ ಸಂದರ್ಭದಲ್ಲಿ) ಹೋದರು, ಚಿಲಿ, ಹೊಂಡುರಾಸ್ ಕಡೆ ಹೋಗಿ ನೆಲೆಸಿದವರೂ ಇದ್ದಾರೆ.

ಜಪಸರದ ಮಣಿಗಳ ಲೆಕ್ಕ ಒಂದು ಅಂಕದ ಪ್ರಶ್ನೆ, ಗುರುತು ಹಾಕಿಕೊಳ್ಳಿ. ನಮೋ ಮರಿಯ (ಮರಿಯಮ್ಮನಿಗೆ ಮಾಡುವ ಪ್ರಾರ್ಥನೆ) ಹೇಳುವ ಮಣಿಗಳು ಹತ್ತರ ಐದು ಗುಂಪು ಎಂದು 50 ಬರೆದರೆ ತಪ್ಪು. ಬಾಲದಲ್ಲಿ ಮತ್ತೆ ಮೂರು ನಮೋ ಮರಿಯ ಮಣಿ ಇವೆ, ಅಲ್ಲಿಗೆ 53. ಪರಲೋಕ ಮಂತ್ರದ (ಯೇಸು ಕಲಿಸಿದ ಪ್ರಾರ್ಥನೆಯ) 6 ಮಣಿ ಸೇರಿ 59. ಇನ್ನೊಂದು ಸಂಗತಿ: ಕೊಂಡ ಮೇಲೆ ಪಾದ್ರಿಯಿಂದ ಆಶೀರ್ವಾದ ಮಾಡಿಸುವುದು ಕಥೋಲಿಕರ ರೂಢಿ, ಆಶೀರ್ವಾದಕ್ಕೆ ಬೆಲೆ ಕಟ್ಟಿ ಮಾರುವಂತಿಲ್ಲ. ಹಲವರು ಜಪಸರವನ್ನು ಪವಿತ್ರ ಸಮಾಧಿ ಚರ್ಚಿನ ಬಾಗಿಲಲ್ಲಿರುವ ಅಭಿಷೇಕದ ಕಲ್ಲಿನ (ಹೂಳುವ ಮೊದಲು ಯೇಸುವಿನ ದೇಹಕ್ಕೆ ಸುಗಂಧ ತೈಲ ಹಚ್ಚಿದ ಜಾಗವೆಂದು ನಂಬುವ ಕಲ್ಲು) ಮೇಲೂ ಇಟ್ಟು ಉಜ್ಜುತ್ತಾರೆ. ಈಗಿರುವ ಆ ಕಲ್ಲು ಕೂಡ ಬೆಂಕಿಯ ನಂತರದ್ದೇ, 1810ರದ್ದು.

ಕೊನೆಗೆ ಒಂದು ಗೊಂದಲ. ಜೆರುಸಲೇಮಿನಲ್ಲಿ ಯಾತ್ರಿಕರಿಗೆ ಹಚ್ಚೆ ಹಾಕಲು ಕಾಪ್ಟಿಕ್ (ಈಜಿಪ್ಟ್ ಮೂಲದ ಕ್ರೈಸ್ತ) ಕುಟುಂಬವೊಂದು ತಲೆಮಾರುಗಳಿಂದ ಮರದ ಅಚ್ಚು ಬಳಸುತ್ತ ಬಂದಿದೆ: ಶಿಲುಬೆ, ಪುನರುತ್ಥಾನ ಮುಂತಾದ ಚಿತ್ರಗಳನ್ನು ಅದರಲ್ಲಿ ಕೆತ್ತಿರುತ್ತಾರೆ. ಇದೂ ಕೆತ್ತಿದ ಮರ, ಇದೂ ಯಾತ್ರಿಕರಿಗಾಗಿಯೇ. ಆದರೆ ಸ್ಮರಣಿಕೆಗಳ ಪಟ್ಟಿಗೆ ಸೇರಿಸಬೇಡಿ, ಇದು ಉಪಕರಣ. ಅಚ್ಚನ್ನು ಮಸಿಯಲ್ಲಿ ಅದ್ದಿ ಮುಂಗೈಯ ಮೇಲೆ ಒತ್ತಿ, ಆ ಗೆರೆಯ ಮೇಲೆ ಸೂಜಿ ಓಡಿಸುತ್ತಾರೆ. ಯಾತ್ರಿಕರು ಹೊರಟ ಮೇಲೆ ಅಚ್ಚು ಅಂಗಡಿಯಲ್ಲೇ ಉಳಿಯುತ್ತದೆ, ಮುಂದಿನವರ ಕೈಗೆ.